ಜನ ಜಾಸ್ತಿ ಆಗೋದು ನಿಂತ ಮೇಲೆ ಏನಾಗುತ್ತೆ?

ಪ್ರಶ್ನೆ: ಮೇಡಂ, ನಾವು ಹೈಸ್ಕೂಲಲ್ಲಿದ್ದಾಗ ಜನಸಂಖ್ಯಾ ಸ್ಫೋಟ ಅಂತ ಪ್ರಬಂಧ ಬರೆಸ್ತಿದ್ರು. ಈಗ ಟಿವಿ ಹಾಕಿದ್ರೆ ಕೊರಿಯಾ ಖಾಲಿ ಆಗ್ತಿದೆ, ಜಪಾನ್ ಮುಗೀತು ಅಂತಾರೆ. ಪಕ್ಕದ ರಾಜ್ಯದ ಮುಖ್ಯಮಂತ್ರಿಗಳೇ ಜಾಸ್ತಿ ಮಕ್ಕಳು ಮಾಡ್ಕೊಳ್ಳಿ ಅಂತಿದ್ದಾರೆ. ಯಾವುದು ನಿಜ? ಇನ್ನು ನೂರು ವರ್ಷಕ್ಕೆ ಮನುಷ್ಯ ಜಾತಿ ಇರುತ್ತಾ ಇಲ್ವಾ? ನನಗೆ ಒಬ್ಬಳೇ ಮಗಳು, ಬೆಂಗಳೂರಲ್ಲಿ ಕೆಲಸ, ಮದುವೆ ಆದ್ರೂ ಮಕ್ಕಳು ಬೇಡ ಅಂತಾಳೆ. ಅವಳಿಗೆ ಏನಂತ ಹೇಳಲಿ? (ತಿಪಟೂರು ಕಡೆಯ ಓದುಗರು)

ಉತ್ತರ:

ಮನುಷ್ಯ ಜಾತಿ ಇರುತ್ತೆ, ಆ ಚಿಂತೆ ಬಿಡಿ. ಮಕ್ಕಳು ಕಮ್ಮಿ ಹುಟ್ಟಿದ್ರಿಂದ ನಾವು ನಿರ್ನಾಮ ಆಗೋ ಮಾತು ಈ ಶತಮಾನದಲ್ಲಂತೂ ಇಲ್ಲ. ಹಾಗೆಯೇ ನೀವು ಪ್ರಬಂಧ ಬರೆದ ಆ ಸ್ಫೋಟನೂ ಮುಂದೆ ಬರೋದಲ್ಲ, ಅದು ಆಗಿ ತಣ್ಣಗಾಗ್ತಾ ಇರೋದು. ಆದ್ರೆ ಇವೆರಡರ ಮಧ್ಯೆ ಒಂದು ಕಾಲ ಬರ್ತಾ ಇದೆ, ಜನ ನಿಧಾನಕ್ಕೆ ಕಮ್ಮಿ ಆಗೋ, ಇರೋರಲ್ಲಿ ಮುದುಕರೇ ಜಾಸ್ತಿ ಇರೋ ಕಾಲ. ಮನುಷ್ಯರ ಇತಿಹಾಸದಲ್ಲಿ ಯುದ್ಧ ಇಲ್ಲದೆ, ಪ್ಲೇಗ್ ಇಲ್ಲದೆ, ಬರ ಇಲ್ಲದೆ ಇಡೀ ಪ್ರಪಂಚದ ಜನಸಂಖ್ಯೆ ತಾನಾಗೇ ಇಳಿದಿದ್ದು ಒಂದು ಸಲನೂ ಇಲ್ಲ, ಹಾಗಾಗಿ ಅದು ಹೆಂಗಿರುತ್ತೆ ಅಂತ ಹೇಳೋಕೆ ಹಳೇ ಉದಾಹರಣೆ ಯಾವುದೂ ಕೈಯಲ್ಲಿಲ್ಲ. ಕಷ್ಟ ಇರೋದೇ ಅಲ್ಲಿ.

ಮೊದಲು ಲೆಕ್ಕ ನೋಡೋಣ. ನೂರು ಕೋಟಿ ಜನ ಆಗೋಕೆ ಮನುಷ್ಯರಿಗೆ ಸುಮಾರು 3 ಲಕ್ಷ ವರ್ಷ ಹಿಡೀತು, 1804ರ ಆಸುಪಾಸು ಅಂತ ಅಂದಾಜು. ಇನ್ನೂರು ಕೋಟಿ ಆಗಿದ್ದು 1927ರಲ್ಲಿ, ಅಂದ್ರೆ ಬರೀ 120-130 ವರ್ಷದಲ್ಲಿ ಡಬಲ್. 1960ರಲ್ಲಿ ಮುನ್ನೂರು, 1987ರಲ್ಲಿ ಐನೂರು, 2011ರಲ್ಲಿ ಏಳುನೂರು, 2022ರ ನವೆಂಬರ್ 15ಕ್ಕೆ ಎಂಟುನೂರು ಕೋಟಿ ಅಂತ ವಿಶ್ವಸಂಸ್ಥೆ ಘೋಷಣೆ ಮಾಡ್ತು. ಈ ಅಂಕಿಗಳನ್ನ ಹಿಂಗೇ ಜೋಡಿಸಿ ಓದಿದ್ರೆ ಯಾರಿಗಾದ್ರೂ ಭಯ ಆಗಬೇಕು. ಆದ್ರೆ ಬೆಳವಣಿಗೆಯ ವೇಗ ನೋಡಿದ್ರೆ ಕಥೆನೇ ಬೇರೆ, 1960ರ ದಶಕದಲ್ಲಿ ವರ್ಷಕ್ಕೆ ಶೇ 2ಕ್ಕಿಂತ ಮೇಲೆ ಇದ್ದದ್ದು ಈಗ ಶೇ 1ಕ್ಕಿಂತ ಕೆಳಗೆ ಬಂದಿದೆ. ಒಬ್ಬ ಹೆಣ್ಣಿಗೆ ಸರಾಸರಿ ಐದು ಮಕ್ಕಳು ಇದ್ದದ್ದು 2.25ರ ಹತ್ತಿರ ಇಳಿದಿದೆ. ಜನಸಂಖ್ಯೆ ಏರದೆ ಇಳಿಯದೆ ಇರಬೇಕು ಅಂದ್ರೆ ಬೇಕಾಗಿರೋದು 2.1. ಗಂಡ ಹೆಂಡತಿ ಇಬ್ಬರ ಜಾಗಕ್ಕೆ ಇಬ್ಬರು, ಮತ್ತೆ ದೊಡ್ಡವರಾಗೋಕೆ ಮುಂಚೆ ತೀರಿಕೊಳ್ಳೋರ ಲೆಕ್ಕಕ್ಕೆ ಆ ಮೇಲಿನ ಚೂರು. ಪ್ರಪಂಚದ ಅರ್ಧಕ್ಕಿಂತ ಜಾಸ್ತಿ ದೇಶಗಳು ಆಗಲೇ ಈ ಗೆರೆಯ ಕೆಳಗಿವೆ.

ವಿಶ್ವಸಂಸ್ಥೆಯ 2024ರ ಅಂದಾಜಿನ ಪ್ರಕಾರ 2080ರ ದಶಕದ ಮಧ್ಯದಲ್ಲಿ 1,030 ಕೋಟಿ ಮುಟ್ಟಿ ಅಲ್ಲಿಂದ ಇಳಿಯೋಕೆ ಶುರು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯದ ಅಂಕಿಅಂಶ ಲೆಕ್ಕ ಹಾಕೋ ಐಎಚ್‌ಎಂಇ ಸಂಸ್ಥೆಯವರು 2020ರಲ್ಲಿ ಇನ್ನೂ ಬೇಗ ಅಂದಿದ್ರು, 2064ಕ್ಕೇ 970 ಕೋಟಿಗೆ ನಿಂತು ಇಳಿಯುತ್ತೆ ಅಂತ. ಯಾವುದು ಸರಿ ಅನ್ನೋದು ಮುಖ್ಯವಾಗಿ ಆಫ್ರಿಕಾದ ಮೇಲೆ ನಿಂತಿದೆ, ನೈಜರ್, ಚಾಡ್, ಸೊಮಾಲಿಯಾ, ಕಾಂಗೋ ಕಡೆ ಈಗಲೂ ಒಬ್ಬ ಹೆಣ್ಣಿಗೆ ಆರರ ಹತ್ತಿರ ಮಕ್ಕಳು, ಅಲ್ಲಿ ಹುಡುಗಿಯರು ಎಷ್ಟು ಬೇಗ ಸ್ಕೂಲಿಗೆ ಹೋಗ್ತಾರೆ ಅನ್ನೋದ್ರ ಮೇಲೆ ಇಡೀ ಪ್ರಪಂಚದ ಲೆಕ್ಕ ಅಲ್ಲಾಡುತ್ತೆ.

ನಮ್ಮ ದೇಶದ ವಿಷಯ. 2023ರಲ್ಲಿ ಚೀನಾನ ಹಿಂದೆ ಹಾಕಿದ್ವಿ ಅಂತ ಎಲ್ಲಾ ಪೇಪರಲ್ಲೂ ಬಂತು, ಅಷ್ಟಾಗಿ ಯಾರೂ ಗಮನಿಸದೇ ಇದ್ದಿದ್ದು ಏನಂದ್ರೆ ನಮ್ಮ ಫರ್ಟಿಲಿಟಿ ರೇಟ್ (ಒಬ್ಬ ಹೆಣ್ಣಿಗೆ ಸರಾಸರಿ ಎಷ್ಟು ಮಕ್ಕಳು ಅನ್ನೋ ಲೆಕ್ಕ) ಆಗಲೇ 2.1ರ ಕೆಳಗೆ ಹೋಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತ 2.0, ಬಿಹಾರ 3.0, ಕರ್ನಾಟಕ 1.7. ಹೌದು, ಕೇರಳ ತಮಿಳುನಾಡು ಎರಡೂ 1.8 ಇದ್ದಾಗ ನಾವು 1.7. ಯಾರೂ ಇದನ್ನ ಮಾತಾಡೋದೇ ಇಲ್ಲ, ಮುದುಕರ ರಾಜ್ಯ ಅಂದ ತಕ್ಷಣ ಎಲ್ಲರೂ ಕೇರಳದ ಕಡೆ ಕೈ ತೋರಿಸ್ತಾರೆ.

ಹಂಗಾದ್ರೆ ನಮ್ಮ ಜನಸಂಖ್ಯೆ ಯಾಕಿನ್ನೂ ಏರ್ತಾ ಇದೆ ಅಂತ ನೀವು ಕೇಳಬಹುದು. ಓಡೋ ಲಾರಿಗೆ ಬ್ರೇಕ್ ಹಾಕಿದ್ರೂ ಸ್ವಲ್ಪ ದೂರ ಹೋಗಿನೇ ನಿಲ್ಲೋದು. ಹಿಂದಿನ ತಲೆಮಾರಲ್ಲಿ ಹುಟ್ಟಿದ ಹುಡುಗಿಯರ ಸಂಖ್ಯೆನೇ ದೊಡ್ಡದಿದೆ, ಅವರಿಗೆ ಒಂದೊಂದು, ಎರಡೆರಡು ಮಕ್ಕಳಾದ್ರೂ ಒಟ್ಟು ಹುಟ್ಟೋರು ಸಾಯೋರಿಗಿಂತ ಜಾಸ್ತಿನೇ. 2060ರ ದಶಕದ ಶುರುವಲ್ಲಿ 170 ಕೋಟಿ ಹತ್ತಿರ ಹೋಗಿ ನಾವೂ ಇಳಿಯೋಕೆ ಶುರು ಮಾಡ್ತೀವಿ.

ಇದೆಲ್ಲ ಹೆಂಗಾಯ್ತು? ಸರ್ಕಾರ ಹೇಳಿದ್ದಕ್ಕೆ ಆಯ್ತು ಅಂತ ಬಹಳ ಜನ ಅಂದ್ಕೊಂಡಿದ್ದಾರೆ, ಅದು ಅರ್ಧ ಸತ್ಯನೂ ಅಲ್ಲ. ಸರ್ಕಾರಗಳು ಶುರು ಮಾಡಿದ್ದು ನಿಜ, ಅದರಲ್ಲೂ ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯೋಕೆ ಆದೇಶ ಮಾಡಿತ್ತು, ಸರ್ಕಾರವೇ ಇಂಥ ಕ್ಲಿನಿಕ್ ನಡೆಸಿದ್ದು ಪ್ರಪಂಚದಲ್ಲೇ ಮೊದಲು ಅಂತ ಜನಸಂಖ್ಯಾ ಶಾಸ್ತ್ರದ ಪಾಠದಲ್ಲಿ ಬರುತ್ತೆ. ಆಮೇಲೆ 1952ರಲ್ಲಿ ಭಾರತ ಕುಟುಂಬ ಯೋಜನೆ ಶುರು ಮಾಡಿದಾಗ ವಿಶ್ವ ಆರೋಗ್ಯ ಸಂಸ್ಥೆಯ ಸಹಾಯದಲ್ಲಿ ಮೊದಲ ಪ್ರಯೋಗ ನಡೆದ ಎರಡು ಜಾಗಗಳಲ್ಲಿ ಒಂದು ನಮ್ಮ ರಾಮನಗರ, ಇನ್ನೊಂದು ದಿಲ್ಲಿಯ ಲೋಧಿ ಕಾಲೊನಿ. ಆಗಿನ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧಿವಾದಿ, ಅವರಿಗೆ ಔಷಧಿ ಸಲಕರಣೆ ಎಲ್ಲ ಇಷ್ಟ ಇರಲಿಲ್ಲ, ಹಾಗಾಗಿ ಹೆಂಗಸರಿಗೆ ಬಣ್ಣದ ಮಣಿ ಪೋಣಿಸಿದ ಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸ್ತಾ ಹೋಗಿ, ಈ ಬಣ್ಣ ಬಂದ ದಿನ ಗಂಡನಿಂದ ದೂರ ಇರಮ್ಮ ಅಂತ ಹೇಳಿ ಕಳಿಸಿದ್ರು. ಫಲ ಬರಲಿಲ್ಲ ಅಂತ ಬೇರೆ ಹೇಳ್ಬೇಕಾ, ಮಣಿ ಸರಿಸೋಳು ಅವಳು, ದೂರ ಇರ್ಬೇಕಾದವನು ಅವನು.

ಆಮೇಲೆ ಬಂತು ಎಮರ್ಜೆನ್ಸಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಜಾಸ್ತಿ ಸಂತಾನಹರಣ ಆಪರೇಷನ್ ಆಯ್ತು, ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಹಿಡ್ಕೊಂಡು ಹೋಗಿ ಮಾಡಿದ್ದು. ಸರ್ಕಾರ ಬಿತ್ತು. ಅಲ್ಲಿಂದಾಚೆಗೆ ಗಂಡಸರ ಆಪರೇಷನ್ ಅನ್ನೋ ಮಾತೇ ದೇಶದಲ್ಲಿ ಹೆಚ್ಚು ಕಮ್ಮಿ ಸತ್ತುಹೋಯ್ತು, ಇವತ್ತಿಗೂ ಕರ್ನಾಟಕದಲ್ಲಿ ಹೆರುವ ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಆಪರೇಷನ್ ಆಗಿದೆ, ಗಂಡಸರದ್ದು ನೋಡಿದ್ರೆ ಸೊನ್ನೆ ಹತ್ತಿರ. ಮಕ್ಕಳು ಕಮ್ಮಿ ಆಗಿದ್ದರ ಭಾರ ಯಾರ ಮೈ ಮೇಲೆ ಬಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಿಜವಾದ ಕಾರಣ ಏನಂದ್ರೆ ಮಕ್ಕಳು ಸಾಯೋದು ನಿಂತಿದ್ದು. ಇನ್ನೂರು ವರ್ಷದ ಹಿಂದೆ ಪ್ರಪಂಚದಲ್ಲಿ ಎಲ್ಲೇ ಆಗಲಿ ಹುಟ್ಟಿದ ಮಕ್ಕಳಲ್ಲಿ ಹತ್ತಿರತ್ತಿರ ಅರ್ಧ ದೊಡ್ಡವರಾಗ್ತಿರಲಿಲ್ಲ, ಈಗ ಐದು ವರ್ಷ ತುಂಬೋಕೆ ಮುಂಚೆ ಸಾಯೋರು ನೂರಕ್ಕೆ ನಾಲ್ಕಕ್ಕಿಂತ ಕಮ್ಮಿ. ಆರು ಹೆತ್ರೆ ಎರಡು ಉಳಿಯುತ್ತೆ ಅನ್ನೋ ಕಾಲದಲ್ಲಿ ನಮ್ಮಜ್ಜಿಯರು ಆರು ಹೆತ್ತರು, ಹೆತ್ತಿದ್ದೆಲ್ಲ ಉಳಿಯುತ್ತೆ ಅಂತ ಗ್ಯಾರಂಟಿ ಆದ ಮೇಲೆ ಅವರ ಮಕ್ಕಳು ಆರತಿಗೊಬ್ಬಳು ಕೀರ್ತಿಗೊಬ್ಬ ಅಂತ ಎರಡಕ್ಕೆ ನಿಂತ್ರು. ಅದರ ಜೊತೆಗೆ ಹೆಣ್ಣುಮಕ್ಕಳ ಓದು, ಮದುವೆ ವಯಸ್ಸು ಮುಂದಕ್ಕೆ ಹೋಗಿದ್ದು, ಮಕ್ಕಳು ಹೊಲದ ಕೆಲಸಕ್ಕೆ ಕೈ ಆಗೋದು ಬಿಟ್ಟು ಫೀಸ್ ಕಟ್ಟೋ ಲೆಕ್ಕ ಆಗಿದ್ದು. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅಂತಿದ್ದ ಊರಲ್ಲೇ ಈಗ ಎಲ್‌ಕೆಜಿ ಡೊನೇಷನ್ ಎಷ್ಟು ಅಂತ ಕೇಳ್ಕೊಂಡು ಎರಡನೇ ಮಗುವಿನ ಮಾತಾಡ್ತಾರೆ.

ಇಲ್ಲಿ ಒಂದು ಹಳೇ ಬೆಟ್ಟಿಂಗ್ ಕಥೆ ಹೇಳ್ಬೇಕು, ಯಾಕಂದ್ರೆ ಭವಿಷ್ಯ ಹೇಳೋರನ್ನ ಎಷ್ಟು ನಂಬಬೇಕು ಅಂತ ತಿಳಿಯೋಕೆ ಅದು ಒಳ್ಳೇದು. 1968ರಲ್ಲಿ ಪಾಲ್ ಎರ್ಲಿಕ್ ಅನ್ನೋ ಅಮೆರಿಕನ್ ಜೀವವಿಜ್ಞಾನಿ, ಜನ ಹಿಂಗೇ ಏರಿದ್ರೆ 70ರ ದಶಕದಲ್ಲಿ ಕೋಟಿಗಟ್ಟಲೆ ಜನ ಹಸಿವಿಂದ ಸಾಯ್ತಾರೆ ಅಂತ ಬರೆದು ಪ್ರಪಂಚವನ್ನೇ ಹೆದರಿಸಿದ್ರು. 1980ರಲ್ಲಿ ಜೂಲಿಯನ್ ಸೈಮನ್ ಅನ್ನೋ ಅರ್ಥಶಾಸ್ತ್ರಜ್ಞ ಅವರಿಗೆ ಸವಾಲು ಹಾಕಿದ್ರು, ಜನ ಏರಿ ಎಲ್ಲಾ ಸಾಲದೆ ಹೋಗೋದಾದ್ರೆ ರೇಟ್ ಏರಬೇಕಲ್ಲ, ನೀವು ಯಾವ ಲೋಹ ಬೇಕಾದ್ರೂ ಆರಿಸ್ಕೊಳ್ಳಿ, ಹತ್ತು ವರ್ಷದಲ್ಲಿ ಅದರ ರೇಟ್ ಏರಿದ್ರೆ ನಾನು ದುಡ್ಡು ಕೊಡ್ತೀನಿ, ಇಳಿದ್ರೆ ನೀವು ಕೊಡಿ. ಎರ್ಲಿಕ್ ಕಡೆಯವರು ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್ ಆರಿಸ್ಕೊಂಡ್ರು. ಆ ಹತ್ತು ವರ್ಷದಲ್ಲಿ ಪ್ರಪಂಚದ ಜನ 80 ಕೋಟಿಗೂ ಜಾಸ್ತಿ ಏರಿದ್ರು, ಲೋಹದ ರೇಟ್ ಇಳೀತು (ಹಣದುಬ್ಬರ ಕಳೆದ ಮೇಲೆ), 1990ರಲ್ಲಿ ಎರ್ಲಿಕ್ 576 ಡಾಲರ್ ಚೆಕ್ ಕಳಿಸಿದ್ರು. ಬೇರೆ ಹತ್ತು ವರ್ಷ ಆರಿಸಿದ್ದಿದ್ರೆ ಎರ್ಲಿಕ್ಕೇ ಗೆಲ್ಲಬಹುದಿತ್ತು ಅನ್ನೋ ಮಾತೂ ಇದೆ, ಅದೂ ನ್ಯಾಯವೇ. 1930ರ ದಶಕದಲ್ಲಿ ಯುರೋಪಿನ ಪಂಡಿತರು ನಮ್ಮ ಜನ ಮುಗಿದೇ ಹೋಗ್ತಾರೆ ಅಂತ ಅಳ್ತಾ ಇದ್ರು, ಯುದ್ಧ ಮುಗಿದ ಮೇಲೆ ಅಲ್ಲಿ ಮಕ್ಕಳೋ ಮಕ್ಕಳು. ಹಂಗಾಗಿ 2100ರ ಅಂಕಿ ಯಾರೇ ಹೇಳಲಿ, ನಾನು ಹೇಳಿದ್ರೂ ಸೇರಿ, ಸ್ವಲ್ಪ ಉಪ್ಪು ಖಾರ ಕಳೆದು ತಗೊಳ್ಳಿ. ಆದ್ರೆ ಮುಂದಿನ 25-30 ವರ್ಷದ ಅಂಕಿ ಹಂಗಲ್ಲ, 2050ರಲ್ಲಿ 60 ದಾಟೋರು ಎಲ್ಲರೂ ಇವತ್ತೇ ಹುಟ್ಟಿ ಓಡಾಡ್ಕೊಂಡಿದ್ದಾರೆ, ಅದನ್ನ ಊಹೆ ಮಾಡಬೇಕಾಗಿಲ್ಲ, ಎಣಿಸಿದ್ರೆ ಸಾಕು.

ಈಗ ಕೊರಿಯಾ. 2023ರಲ್ಲಿ ದಕ್ಷಿಣ ಕೊರಿಯಾದ ಫರ್ಟಿಲಿಟಿ ರೇಟ್ 0.72. ಇದರ ಅರ್ಥ ಏನು ಗೊತ್ತಾ, ನೂರು ಗಂಡಸು ನೂರು ಹೆಂಗಸು ಸೇರಿ ಇನ್ನೂರು ಜನ ಇದ್ದಾರೆ ಅನ್ಕೊಳ್ಳಿ, ಅವರಿಗೆ 72 ಮಕ್ಕಳು, ಅದರಲ್ಲಿ ಹುಡುಗಿಯರು 36, ಅವರಿಗೆ 26 ಮೊಮ್ಮಕ್ಕಳು. ಇನ್ನೂರು ಎರಡೇ ತಲೆಮಾರಿಗೆ ಇಪ್ಪತ್ತಾರು. 2024ರಲ್ಲಿ ಚೂರು ಏರಿ 0.75 ಆಯ್ತು ಅಂತ ಅಲ್ಲಿ ಸಂಭ್ರಮವೋ ಸಂಭ್ರಮ. ಜಪಾನಿನಲ್ಲಿ ಅದೇ ವರ್ಷ ಹುಟ್ಟಿದ ಮಕ್ಕಳು 7 ಲಕ್ಷಕ್ಕಿಂತ ಕಮ್ಮಿ, 65 ದಾಟಿದವರು ನೂರಕ್ಕೆ 29, ಯಾರೂ ಇಲ್ಲದೆ ಬೀಗ ಬಿದ್ದಿರೋ ಮನೆ 2023ರ ವಸತಿ ಸಮೀಕ್ಷೆಯಲ್ಲಿ 90 ಲಕ್ಷ. ಚೀನಾ 1980ರಿಂದ 2015ರವರೆಗೆ ಒಂದೇ ಮಗು ಅಂತ ಕುತ್ತಿಗೆ ಮೇಲೆ ಕೂತಿತ್ತು, 2021ರಲ್ಲಿ ಮೂರು ಮಾಡ್ಕೊಳ್ಳಿ ಅಂತು, ಯಾರೂ ಕೇಳಲಿಲ್ಲ, 2022ರಿಂದ ಜನ ಇಳೀತಾ ಇದೆ.

ಕೊರಿಯಾದ ಹುಡುಗಿಯರು ಮಕ್ಕಳು ಬೇಡ ಅನ್ನೋಕೆ ಕೊಡೋ ಕಾರಣ ಓದಿದ್ರೆ ನಮಗೆ ಎಲ್ಲೋ ಕೇಳಿದಂಗೆ ಇರುತ್ತೆ. ಸಿಯೋಲ್‌ನಲ್ಲಿ ಮನೆ ಬೆಲೆ ಮುಟ್ಟೋಕಾಗಲ್ಲ, ಆಫೀಸಲ್ಲಿ ರಾತ್ರಿವರೆಗೆ ಕೂರಬೇಕು, ಮಗು ಆದ್ರೆ ಕೆಲಸ ಹೋಗುತ್ತೆ ಅಥವಾ ಪ್ರಮೋಷನ್ ಹೋಗುತ್ತೆ, ಮಗುವಿಗೆ ಟ್ಯೂಷನ್ ಮೇಲೆ ಟ್ಯೂಷನ್, ಮನೆಗೆಲಸ ಅಡುಗೆ ಅತ್ತೆ ಮಾವ ಎಲ್ಲ ಅವಳ ತಲೆಗೇ. ಸಿಯೋಲ್ ತೆಗೆದು ಬೆಂಗಳೂರು ಅಂತ ಹಾಕಿ, ಅಲ್ಲಿನ ಟ್ಯೂಷನ್ ಜಾಗಕ್ಕೆ ನೀಟ್, ಸಿಇಟಿ ಕೋಚಿಂಗ್ ಹಾಕಿ, ವಾಕ್ಯ ಬದಲಾಗಲ್ಲ.

ಸರ್ಕಾರ ಜೋರು ಮಾಡಿದ್ರೆ ಮಕ್ಕಳು ಹುಟ್ಟಲ್ವಾ? ರೊಮೇನಿಯಾ ಅದನ್ನೂ ಮಾಡಿ ನೋಡಿದೆ. 1966ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಗರ್ಭಪಾತ ನಿಷೇಧ ಮಾಡಿದ, ಮರುವರ್ಷವೇ ರೇಟ್ 1.9ರಿಂದ 3.7ಕ್ಕೆ ಹಾರ್ತು. ನೋಡಿ ಗೆದ್ದೆ ಅಂತ ಅವನು ಅಂದ್ಕೊಂಡಿರಬೇಕು. ಕೆಲವೇ ವರ್ಷದಲ್ಲಿ ಜನ ಕಳ್ಳದಾರಿ ಹುಡುಕ್ಕೊಂಡ್ರು, ರೇಟ್ ಮತ್ತೆ ಇಳೀತು, ಉಳಿದಿದ್ದು ಏನಂದ್ರೆ ಕದ್ದು ಗರ್ಭ ತೆಗೆಸೋಕೆ ಹೋಗಿ ಸತ್ತ ಸಾವಿರಾರು ಹೆಂಗಸರು ಮತ್ತೆ ಅನಾಥಾಲಯ ತುಂಬಿದ ಮಕ್ಕಳು. ಇನ್ನು ಹಂಗೇರಿ ದುಡ್ಡು ಕೊಟ್ಟು ನೋಡಿತು, ನಾಲ್ಕು ಮಕ್ಕಳ ತಾಯಿಗೆ 2020ರಿಂದ ಇನ್‌ಕಮ್ ಟ್ಯಾಕ್ಸೇ ಇಲ್ಲ, 1.6ರ ಹತ್ತಿರ ಏರಿದ್ದು ಮತ್ತೆ ಕೆಳಗೆ ಬಂತು. ಸ್ವೀಡನ್‌ನಲ್ಲಿ ತಂದೆ ತಾಯಿಗೆ ಸೇರಿ ಒಂದು ಮಗುವಿಗೆ 480 ದಿನ ಸಂಬಳದ ರಜೆ, ಅಪ್ಪಂದಿರು ಗಾಡಿ ತಳ್ಕೊಂಡು ಪಾರ್ಕಲ್ಲಿ ಇರ್ತಾರೆ, ಅಲ್ಲೂ 1.4ರ ಆಸುಪಾಸು. ಹಂಗಂತ ಆ ರಜೆ ದಂಡ ಅಂತ ನಾನು ಹೇಳಲ್ಲ, ಮಕ್ಕಳು ಬೇಕು ಅನ್ನೋರಿಗೆ ಅದು ದೊಡ್ಡ ಆಸರೆ. ಬೇಡ ಅನ್ನೋರ ಮನಸ್ಸು ಬದಲಾಯಿಸೋಕೆ ಮಾತ್ರ ಯಾವ ಸರ್ಕಾರದ ಹತ್ತಿರನೂ ಸ್ವಿಚ್ ಇಲ್ಲ.

ಪಕ್ಕದ ರಾಜ್ಯದ ಮುಖ್ಯಮಂತ್ರಿಗಳ ಮಾತು ಕೇಳಿದ್ರಲ್ಲ, ಅದು ಬೇರೆ ಲೆಕ್ಕ. ಆಂಧ್ರದಲ್ಲಿ ಎರಡಕ್ಕಿಂತ ಜಾಸ್ತಿ ಮಕ್ಕಳಿದ್ರೆ ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ಲೋ ಹಂಗಿರಲಿಲ್ಲ, 2024ರಲ್ಲಿ ಆ ಕಾನೂನನ್ನೇ ತೆಗೆದ್ರು. ಅದರ ಹಿಂದೆ ಮುದುಕರ ಚಿಂತೆ ಇದೆ, ಲೋಕಸಭೆ ಸೀಟಿನ ಚಿಂತೆನೂ ಇದೆ. ರಾಜ್ಯಗಳ ಸೀಟು ಹಂಚಿಕೆ ಇವತ್ತಿಗೂ 1971ರ ಜನಗಣತಿ ಮೇಲೆ ನಿಂತಿದೆ, 1976ರಲ್ಲಿ ಅದನ್ನ ತಡೆಹಿಡಿದ್ರು, 2001ರಲ್ಲಿ ಮತ್ತೆ 2026ರ ನಂತರದ ಮೊದಲ ಜನಗಣತಿವರೆಗೆ ಮುಂದಕ್ಕೆ ಹಾಕಿದ್ರು. ಕುಟುಂಬ ಯೋಜನೆ ಸರಿಯಾಗಿ ಪಾಲಿಸಿದ ರಾಜ್ಯಕ್ಕೆ ಪಾರ್ಲಿಮೆಂಟಲ್ಲಿ ದನಿ ಕಮ್ಮಿ ಆಗಬಾರದು ಅನ್ನೋದು ನ್ಯಾಯವಾದ ಮಾತು, ಕರ್ನಾಟಕದ 28 ಸೀಟಿನ ಪ್ರಶ್ನೆನೂ ಅದರಲ್ಲೇ ಇದೆ. ಆದ್ರೆ ಆ ಜಗಳವನ್ನ ಪಾರ್ಲಿಮೆಂಟಲ್ಲಿ ಆಡ್ಬೇಕು, ಹೆಣ್ಣುಮಕ್ಕಳ ಹೊಟ್ಟೆ ಮೇಲೆ ಅಲ್ಲ, ಸೀಟಿಗೋಸ್ಕರ ಯಾರಾದ್ರೂ ಹೆರ್ತಾರಾ.

ನನಗೆ ಭವಿಷ್ಯದ ಬಗ್ಗೆ ನಿಜವಾಗಿ ಚಿಂತೆ ಇರೋದು ಎಷ್ಟು ಜನ ಇರ್ತಾರೆ ಅನ್ನೋದ್ರಲ್ಲಿ ಅಲ್ಲ, ಆ ಜನ ಹೆಂಗೆ ಹಂಚಿಕೊಂಡಿರ್ತಾರೆ ಅನ್ನೋದ್ರಲ್ಲಿ. ಜಪಾನ್ ಶ್ರೀಮಂತ ಆದ ಮೇಲೆ ಮುದಿಯಾಯ್ತು, ನಾವು ಶ್ರೀಮಂತ ಆಗೋಕೆ ಮುಂಚೆನೇ ಆಗ್ತಾ ಇದ್ದೀವಿ. ಕೇಂದ್ರದ ವೃದ್ಧಾಪ್ಯ ಪಿಂಚಣಿ ಪಾಲು 60ರಿಂದ 79 ವಯಸ್ಸಿನವರಿಗೆ ತಿಂಗಳಿಗೆ 200 ರೂಪಾಯಿ, ಎಷ್ಟೋ ವರ್ಷದಿಂದ ಅಷ್ಟೇ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ 1,200. ಇದರಲ್ಲಿ ಬಿಪಿ ಶುಗರ್ ಮಾತ್ರೆಗೆ ಬರುತ್ತೆ, ಊಟಕ್ಕೆ ಯಾರ ಹತ್ರ ಕೇಳೋದು? ನಮ್ಮಲ್ಲಿ ಇಲ್ಲಿವರೆಗೆ ಮುದುಕರನ್ನ ನೋಡ್ಕೊಂಡಿದ್ದು ಸರ್ಕಾರ ಅಲ್ಲ, ಸೊಸೆಯಂದಿರು. ಆ ಸೊಸೆ ಈಗ ಓದಿ ಕೆಲಸಕ್ಕೆ ಹೋಗಿದ್ದಾಳೆ, ಹೋಗಬೇಕು ಕೂಡ, ಅವಳು ಸಂಬಳ ಇಲ್ಲದೆ ಮಾಡ್ತಿದ್ದ ಕೆಲಸಕ್ಕೆ ಈಗ ಬೇರೆ ವ್ಯವಸ್ಥೆ ಯಾವುದು ಅಂತ ಯಾರೂ ಯೋಚನೆ ಮಾಡಿಲ್ಲ. ಉಡುಪಿ, ದಕ್ಷಿಣ ಕನ್ನಡ, ಮಲೆನಾಡಿನ ಕೆಲವು ಊರುಗಳಿಗೆ ಹೋದ್ರೆ 2050 ಈಗಲೇ ಕಾಣುತ್ತೆ, ದೊಡ್ಡ ಮನೆ, ತೋಟ, ಒಳಗೆ ಇಬ್ಬರೇ ವಯಸ್ಸಾದವರು, ಮಕ್ಕಳು ದುಬೈಯಲ್ಲೋ ಅಮೆರಿಕದಲ್ಲೋ.

ಹುಡುಗಿಯರ ಕೊರತೆ ಇನ್ನೊಂದು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲಪ್ಪಾ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದ್ರು, ಟಿವಿಯವರು ತಮಾಷೆ ಮಾಡಿದ್ರು. ಅದೇ ವರ್ಷದ ಕೊನೆಗೆ ಅದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ಕಿಬಿತ್ತು. ಎರಡೂ ಸುದ್ದಿನ ಒಟ್ಟಿಗೆ ಇಟ್ಟು ಓದಿದವರು ಕಮ್ಮಿ. 1994ರಿಂದ ಕಾನೂನಿದೆ, ಆದ್ರೂ ಇವತ್ತು ಆಲೆಮನೆಯಲ್ಲಿ ಕಳೆದ ಹೆಣ್ಣು ಇಪ್ಪತ್ತೈದು ವರ್ಷ ಬಿಟ್ಟು ಯಾರದ್ದೋ ಪಾದಯಾತ್ರೆ ಆಗುತ್ತೆ.

ಮತ್ತೆ ಕೆಲಸಗಾರರು. ಚಿಕ್ಕಮಗಳೂರು ಕೊಡಗಿನ ಕಾಫಿ ಎಸ್ಟೇಟಲ್ಲಿ ಈಗ ಅಸ್ಸಾಮಿನವರು, ಬೆಂಗಳೂರಿನ ಕಟ್ಟಡಗಳಲ್ಲಿ ಬಿಹಾರ, ಒಡಿಶಾ, ಬಂಗಾಳದವರು. ನಮ್ಮಲ್ಲಿ ಹುಡುಗರು ಕಮ್ಮಿ ಆದಷ್ಟೂ ಇವರು ಜಾಸ್ತಿ ಬರ್ತಾರೆ, ಬರಲೇಬೇಕು, ಇಲ್ಲಾಂದ್ರೆ ಕಾಫಿ ಕೀಳೋರಿಲ್ಲ. ಇವರ ಮಕ್ಕಳು ಕನ್ನಡ ಶಾಲೆಗೆ ಬರೋ ಹಂಗೆ ಈಗಲೇ ಮಾಡಿದ್ರೆ ಮಕ್ಕಳಿಲ್ಲದೆ ಮುಚ್ತಾ ಇರೋ ಶಾಲೆಗಳಲ್ಲಿ ಕೆಲವಾದ್ರೂ ಉಳೀತಾವೆ, ಕನ್ನಡಕ್ಕೂ ಹೊಸ ಬಾಯಿ ಸಿಗುತ್ತೆ. ಬಯ್ಕೊಂಡು ಕೂತ್ರೆ ಎರಡೂ ಇಲ್ಲ. ಇದು ನನ್ನ ಸ್ವಂತ ಅಭಿಪ್ರಾಯ, ಬಹಳ ಜನಕ್ಕೆ ಹಿಡಿಸಲ್ಲ ಅಂತ ಗೊತ್ತು.

ಜನ ಕಮ್ಮಿ ಆದ್ರೆ ಪರಿಸರಕ್ಕೆ ಒಳ್ಳೇದಲ್ವಾ ಅಂತ ಕೆಲವರು ಕೇಳ್ತಾರೆ, ನೀವು ಕೇಳಿಲ್ಲ, ಆದ್ರೂ ಒಂದು ಮಾತು. ಆರಾರು ಮಕ್ಕಳಿರೋ ನೈಜರ್ ದೇಶದಲ್ಲಿ ಒಬ್ಬ ಮನುಷ್ಯನ ಲೆಕ್ಕಕ್ಕೆ ಬೀಳೋ ಇಂಗಾಲದ ಹೊಗೆ ವರ್ಷಕ್ಕೆ ಸುಮಾರು 0.1 ಟನ್, ಅಮೆರಿಕದವನದ್ದು 14 ಟನ್ ಆಸುಪಾಸು. ತಲೆ ಎಣಿಸಿ ಈ ಲೆಕ್ಕ ಬಗೆಹರಿಯಲ್ಲ, ಅದೂ ಅಲ್ಲದೆ ಜನ ಇಳಿಯೋದು 2080ರ ದಶಕಕ್ಕೆ, ಬಿಸಿ ಏರ್ತಾ ಇರೋದು ಈಗ. ರೋಬೋಟ್ ಬಂದು ಮುದುಕರನ್ನ ನೋಡ್ಕೊಳ್ಳುತ್ತೆ ಅನ್ನೋ ಮಾತಿಗೆ, ಅದರಲ್ಲಿ ಎಲ್ಲರಿಗಿಂತ ಮುಂದಿರೋ ಜಪಾನ್ ಕೂಡ ಇವತ್ತು ಆ ಕೆಲಸಕ್ಕೆ ವಿಯೆಟ್ನಾಂ, ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ನಿಂದ ಮನುಷ್ಯರನ್ನೇ ಕರೆಸ್ಕೊಳ್ತಾ ಇದೆ ಅಂತ ಹೇಳಿ ಬಿಡ್ತೀನಿ.

ಕೊನೆಗೆ ನಿಮ್ಮ ಮಗಳು. ಅವಳಿಗೆ ಕೊರಿಯಾ ಕಥೆ ಹೇಳಿ ಹೆದರಿಸ್ಬೇಡಿ, 140 ಕೋಟಿ ದಾಟಿದ ದೇಶದಲ್ಲಿ ಅವಳೊಬ್ಬಳ ನಿರ್ಧಾರದಿಂದ ಯಾವ ಗ್ರಾಫೂ ಅಲ್ಲಾಡಲ್ಲ. ಯಾಕೆ ಬೇಡ ಅಂತ ಒಂದು ಸಲ ಕೇಳಿ, ಸುಮ್ಮನೆ ಕೇಳಿಸ್ಕೊಳ್ಳಿ. ನಿಜವಾಗ್ಲೂ ಮನಸ್ಸಿಲ್ಲ ಅಂದ್ರೆ ಅಲ್ಲಿಗೆ ಬಿಟ್ಟುಬಿಡಿ. ಆಸೆ ಇದೆ ಆದ್ರೆ ಕೆಲಸ, ಮನೆ ಬಾಡಿಗೆ, ಮಗು ನೋಡ್ಕೊಳ್ಳೋರು ಯಾರು ಅನ್ನೋ ಭಯ ಅಂದ್ರೆ ಅದರಲ್ಲಿ ನಿಮ್ಮ ಕೈಲಿ ಆಗೋದು ಬಹಳ ಇದೆ, ಮೊದಲ ಎರಡು ವರ್ಷ ನೀವಿಬ್ಬರೂ ಬೆಂಗಳೂರಿಗೆ ಹೋಗಿ ಇರ್ತೀರಾ ಅನ್ನೋದು ಉಪದೇಶಕ್ಕಿಂತ ಬೆಲೆಯ ಮಾತು. ಮತ್ತೆ ಅಳಿಯನ ಮನೆಯವರ ಹತ್ರನೂ ಇದೇ ಪ್ರಶ್ನೆ ಇಡಿ, ಮಗು ಎತ್ಕೊಳ್ಳೋರು ಯಾರು ಅಂತ.

ಅವಳು ಹೆತ್ರೂ ಬಿಟ್ರೂ ನಿಮ್ಮ ಮುಪ್ಪಿನ ಪ್ಲಾನ್ ನೀವು ಮಾಡಿಟ್ಕೊಳ್ಳಿ. 70 ದಾಟಿದವರಿಗೆ ಆದಾಯ ಎಷ್ಟೇ ಇರಲಿ ಆಯುಷ್ಮಾನ್ ಭಾರತ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು ಸಿಗುತ್ತೆ ಅಂತ 2024ರಲ್ಲಿ ಕೇಂದ್ರ ಮಾಡಿದೆ, ಮನೇಲಿ ಆ ವಯಸ್ಸಿನವರು ಇದ್ರೆ ಮೊದಲು ಅವರ ಕಾರ್ಡ್ ವಿಚಾರಿಸಿ. ನಿಮಗೆ 70 ಆಗೋವರೆಗಿನ ವರ್ಷಗಳಿಗೆ ಇನ್ಶೂರೆನ್ಸ್ ಈಗಲೇ ತಗೊಳ್ಳಿ, ಶುಗರ್ ಬಂದ ಮೇಲೆ ಹೋದ್ರೆ ಪ್ರೀಮಿಯಂ ಜಾಸ್ತಿ ಹೇಳ್ತಾರೆ. ತೋಟ ಇದ್ರೆ ಪತ್ರ, ಖಾತೆ ಎಲ್ಲ ಸರಿ ಮಾಡಿಸಿ ಮಗಳಿಗೆ ಯಾವುದು ಎಲ್ಲಿದೆ ಅಂತ ತೋರಿಸಿಡಿ, ಮಕ್ಕಳ ಹೆಸರಿಗೆ ಬರೆದುಕೊಡೋ ಆತುರ ಮಾತ್ರ ಬೇಡ.